ಗಾಜಿನ ಮೇಲಿನ ಗೆರೆ ಅಮ್ಮನ ತಪ್ಪಲ್ಲ, ನೀರಿಂದು

ಹಬ್ಬ ಹತ್ರ ಬಂದ್ರೆ ಕೊಳ್ಳೇಗಾಲ, ಹನೂರು, ಯಳಂದೂರು ಯಾವ ಕಡೆ ಹೋದ್ರೂ ಮನೆಗಳಲ್ಲಿ ಒಂದೇ ಡೈಲಾಗ್: "ಒರೆಸಿದ್ದಾ ಇದು? ಗೆರೆ ಗೆರೆ ಹಂಗೇ ಐತಲ್ಲ!" ಹೇಳೋರು ಸೋಫಾ ಮೇಲೆ, ಕೇಳಿಸ್ಕೊಳ್ಳೋರು ಸ್ಟೂಲ್ ಮೇಲೆ. ಸ್ಟೂಲ್ ಮೇಲಿರೋರು ಅಮ್ಮ, ಇಲ್ಲಾಂದ್ರೆ ಅಕ್ಕ. ನಿಮ್ಮನೇಲಿ ಬೇರೆ ಥರ ಇದ್ರೆ ನಿಮಗೊಂದು ನಮಸ್ಕಾರ.

ನಾನು ಹೇಳೋದು ಇಷ್ಟೇ ಕಣ್ರೋ. ಆ ಗೆರೆ ಸೋಮಾರಿತನದ ಗುರುತಲ್ಲ. ಅದು ನೀರು ಒಣಗಿ ಬಿಟ್ಟು ಹೋದ ಉಪ್ಪು.

ಬೋರ್‌ವೆಲ್ ನೀರು ಕಲ್ಲಿನ ಸಂದಿಯಿಂದ ಬರೋವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸ್ಕೊಂಡು ಬರುತ್ತೆ. ನೀರು ಆವಿಯಾಗುತ್ತೆ, ಅವು ಗಾಜಿನ ಮೇಲೇ ಕೂರ್ತವೆ. ನಲ್ಲಿ ಬಾಯಲ್ಲಿ, ನೀರು ಕಾಯಿಸೋ ಪಾತ್ರೆ ತಳದಲ್ಲಿ ಕಟ್ಟೋ ಬಿಳಿ ಪೊರೆನೂ ಅದೇ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ರೆ 600ರವರೆಗೆ ಒಪ್ಪಬಹುದು. ಅಂದ್ರೆ ಕುಡಿಯೋಕೆ ಪಾಸಾದ ನೀರೂ ಗಾಜಿನ ಮೇಲೆ ಫೇಲ್ ಆಗಬಹುದು. ಇಂಥ ನೀರಲ್ಲಿ ಎಷ್ಟು ಸಲ ಒರೆಸಿದ್ರೂ ಅಷ್ಟು ಸಲ ಗೆರೆ.

ಹಾಗಾದ್ರೆ ಏನ್ ಮಾಡೋದು? ಸೇವ್ ಮಾಡ್ಕೊಳ್ಳಿ.

1. ಮೊದಲು ಒಣ ಬಟ್ಟೆಯಲ್ಲಿ ಧೂಳು ತೆಗೀರಿ. ಬೆಟ್ಟದ ರೋಡ್ ಪಕ್ಕದ ಮನೆಯವರಿಗೆ ಇದು ಕಡ್ಡಾಯ. ಧೂಳಿನ ಮೇಲೆ ನೀರು ಹಾಕಿದ್ರೆ ಕೆಸರಾಗುತ್ತೆ ಅಷ್ಟೇ.

2. ಬಿಸಿಲು ಬೀಳೋ ಗಾಜನ್ನ ಮುಟ್ಟಲೇಬೇಡಿ. ಒರೆಸೋಕೆ ಮುಂಚೆನೇ ನೀರು ಒಣಗಿಬಿಡುತ್ತೆ. ಬೆಳಿಗ್ಗೆ ಬೇಗ, ಇಲ್ಲಾ ಸಂಜೆ.

3. ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಸಾಕು. ಸೋಪ್ ಜಾಸ್ತಿಯಾದ್ರೆ ಅದೇ ಇನ್ನೊಂದು ಪೊರೆ.

4. ಹಳೇ ಬಿಳಿ ಕಲೆಗೆ ಗೋಬಿ ಮಂಚೂರಿಗೆ ಹಾಕೋ ಬಿಳಿ ವಿನೆಗರ್, ಅಷ್ಟೇ ನೀರು ಸೇರಿಸಿ. ಐದು ನಿಮಿಷ ಒದ್ದೆ ಇರಲಿ. ಕಿಟಕಿ ಕೆಳಗೆ ಮಾರ್ಬಲ್ ಇದ್ರೆ ಹುಷಾರು, ಹುಳಿ ಬಿದ್ರೆ ಹೊಳಪು ಹೋಗುತ್ತೆ.

5. ಕೊನೇ ಒರೆಸುವಿಕೆಗೆ ಮಾತ್ರ ಒಂದು ಚೊಂಬು ಮಳೆನೀರು, ಇಲ್ಲಾ ಕ್ಯಾನ್ ನೀರು. ಆರ್‌ಓ ಮೆಷಿನ್ ಹೊರಗೆ ಬಿಡೋ ನೀರು ಬೇಡ, ಅದ್ರಲ್ಲಿ ಉಪ್ಪು ಇನ್ನೂ ಜಾಸ್ತಿ.

6. ನೀರು ತಾನಾಗೇ ಒಣಗೋಕೆ ಬಿಡಬೇಡಿ. ಹಳೇ ಕಾಟನ್ ಪಂಚೆ ತುಂಡಲ್ಲಿ ಒಣಗಿಸಿ. ಒಳಗಡೆ ಮೇಲಿಂದ ಕೆಳಗೆ, ಹೊರಗಡೆ ಅಡ್ಡಕ್ಕೆ. ಗೆರೆ ಉಳಿದ್ರೆ ಯಾವ ಕಡೆದು ಅಂತ ಗೊತ್ತಾಗುತ್ತೆ.

ಮಹಡಿ ಮೇಲೆ ಕಿಟಕಿಯಿಂದ ಹೊರಗೆ ನೇತಾಡೋ ಸಾಹಸ ಬೇಡ. ಗಾಜು ಕೊಳೆಯಾಗಿದ್ರೂ ಪರವಾಗಿಲ್ಲ.

ಈಗ ಬಿಕಾಂ ಲೆಕ್ಕಕ್ಕೆ ಬರೋಣ. ನಮ್ಮ ಕಾಸ್ಟಿಂಗ್ ಪುಸ್ತಕದಲ್ಲಿ ಮೆಟೀರಿಯಲ್ ಇದೆ, ಲೇಬರ್ ಇದೆ. ಮನೇಲಿ ಸ್ಪ್ರೇ ಬಾಟಲಿ ರೇಟ್ ಕೇಳ್ತೀವಿ, ಒರೆಸಿದ ಕೈದು ಕೇಳಲ್ಲ. ದೇಶದ ಜಿಡಿಪಿಯಲ್ಲೂ ಆ ಕೆಲಸ ಬರಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಿದ್ರು, ಮಾಡೋ ಗಂಡಸರು 97 ನಿಮಿಷ. ಹತ್ತಿರ ಹತ್ತಿರ ಐದು ಗಂಟೆ ದುಡಿದವರಿಗೆ ನಾವು ಕೊಡೋ ಪೇಮೆಂಟ್ "ಗೆರೆ ಐತೆ" ಅನ್ನೋ ಮಾತು!

"ಹುಡುಗರಿಗೆ ನೀಟಾಗಿ ಬರಲ್ಲ" ಅಂತೀರಾ? ಬೈಕಿನ ಮಿರರ್ ನೋಡಿ ಸ್ವಾಮಿ, ಒಂದು ಗೆರೆ ಇರಲ್ಲ. ಕೈಗೆ ಕೆಲಸ ಬರುತ್ತೆ, ಮನಸ್ಸು ಬರಲ್ಲ.

ಈ ಭಾನುವಾರ ಮನೇಲಿ ಎಷ್ಟು ಕಿಟಕಿ ಇವೆ ಎಣಿಸಿ. ಎಷ್ಟು ಜನ ಇದ್ದೀರಿ ಅದನ್ನೂ ಎಣಿಸಿ. ಭಾಗಾಕಾರ ಮಾಡಿ. ನಿಮ್ಮ ಪಾಲಿಗೆ ಎಷ್ಟು ಬಂತು, ಕಾಮೆಂಟಲ್ಲಿ ಹಾಕಿ.

#ಕೊಳ್ಳೇಗಾಲ #ಹನೂರು #ಯಳಂದೂರು #ಮನೆಗೆಲಸ