ಬಾಗಿಲ ಹೊರಗಿನ ಬಾಣಂತಿ

ಮಾನ್ಯ ಆರೋಗ್ಯ ಸಚಿವರೇ,

ನನ್ನ ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ತೂಕ 1,600 ಗ್ರಾಂ. ಒಂದು ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಹದಿನೆಂಟು ದಿನ ಇದ್ದಳು. ಡಾಕ್ಟರು, ಸಿಸ್ಟರುಗಳ ಮೇಲೆ ನನ್ನ ದೂರಿಲ್ಲ. ಕೂಸು ಉಳಿದದ್ದೇ ಅವರಿಂದ. ನನ್ನ ತಕರಾರು ಆ ಘಟಕದ ಬಾಗಿಲಿನ ಬಗ್ಗೆ.

ಎರಡು ಗಂಟೆಗೊಮ್ಮೆ ಅದು ಅರ್ಧ ತೆರೆಯುತ್ತಿತ್ತು. 'ಹಾಲು ಕೊಡ್ರಮ್ಮ' ಎಂದು ಕೂಗು. ಹೊಲಿಗೆ ಇನ್ನೂ ಮಾಯದ ನನ್ನ ಮಗಳು ಗೋಡೆ ಹಿಡಿದು ಎದ್ದು, ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಕೊಟ್ಟು, ಮತ್ತೆ ಕಾರಿಡಾರಿನ ಚಾಪೆಗೆ ಬರುತ್ತಿದ್ದಳು. ಬಟ್ಟಲು ಒಳಗೆ, ತಾಯಿ ಹೊರಗೆ. ಅಳಿಯ ತನ್ನ ಮಗಳನ್ನು ಮೊದಲ ಸಲ ಮುಟ್ಟಿದ್ದು ಡಿಸ್ಚಾರ್ಜಿನ ದಿನ. ಹಿಂದೆ ಸೂಲಗಿತ್ತಿಯರೂ ಕೂಸನ್ನು ಒರೆಸಿ ತಾಯಿಯ ಮಗ್ಗುಲಿಗೇ ಹಾಕುತ್ತಿದ್ದರಲ್ಲ!

ಕೇಳಿದರೆ 'ಇನ್‌ಫೆಕ್ಷನ್ ಆಗುತ್ತೆ' ಎಂಬುದೊಂದೇ ಉತ್ತರ. ಭಯ ಸುಳ್ಳೆನ್ನಲಾರೆ. ಆದರೆ ಅದಕ್ಕೆ ಮದ್ದು ಕೈ ತೊಳೆಸುವುದು, ಕದ ಹಾಕುವುದಲ್ಲ. ಕೇಂದ್ರ ಆರೋಗ್ಯ ಸಚಿವಾಲಯವೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿ, ಇಂಥ ಘಟಕಗಳಲ್ಲಿ ತಂದೆತಾಯಿಗೆ ಕೈ ಶುದ್ಧಿ, ಹಾಲುಣಿಸುವ ಕ್ರಮ, ಕಾಂಗರೂ ಆರೈಕೆ, ಅಪಾಯದ ಲಕ್ಷಣ ಎಲ್ಲವನ್ನೂ ಕಲಿಸಿ ಜೊತೆಗೆ ಸೇರಿಸಿಕೊಳ್ಳಿ ಎಂದಿದೆ.

ಕೂಸನ್ನು ಬರಿಯ ಎದೆಗೆ ಅವಚಿಕೊಳ್ಳುವ ಈ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದದ್ದು ಇನ್‌ಕ್ಯುಬೇಟರ್ ಸಾಲದೆ. ಈಗ ಅದು ಬಡವರ ಉಪಾಯವಾಗಿ ಉಳಿದಿಲ್ಲ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು; ನಮ್ಮಲ್ಲಿ ಅದು ನಡೆದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. 1,000ದಿಂದ 1,799 ಗ್ರಾಂ ತೂಕದ ಶಿಶುಗಳನ್ನು ಹುಟ್ಟಿದ ಕೂಡಲೇ ಎದೆಗೆ ಹಾಕಿದಾಗ, 28 ದಿನದೊಳಗಿನ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಅದಕ್ಕಾಗಿ ಅಲ್ಲಿ ತಾಯಂದಿರ ಮಂಚವನ್ನೇ ಘಟಕದೊಳಗೆ ಹಾಕಿದ್ದರು. ನನ್ನ ಮೊಮ್ಮಗಳದೂ ಅದೇ ತೂಕ, ಸ್ವಾಮಿ. ದೆಹಲಿ ದೂರವೆನ್ನುವುದಾದರೆ, ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹರಡುವ ಕೆಲಸ ನಮ್ಮ ಕೊಪ್ಪಳದಲ್ಲೇ ನಡೆದಿದೆ.

ಹೊಸ ಯಂತ್ರ ಕೇಳುತ್ತಿಲ್ಲ. ಪ್ರತಿ ತೊಟ್ಟಿಲ ಪಕ್ಕ ಒರಗಿ ಕೂರುವಂಥ ಒಂದು ಕುರ್ಚಿ, ಬಾಣಂತಿಗೆ ಬಿಸಿ ಊಟ, ನೀರು ಬರುವ ಬಚ್ಚಲು, ಕಲಿಸಿಕೊಡಲು ಪುರುಸೊತ್ತಿರುವಷ್ಟು ಸಿಸ್ಟರುಗಳು. ಕೊನೆಯದಕ್ಕೆ ದುಡ್ಡು ಬೇಕು, ಬಲ್ಲೆ.

ಅಲ್ಲಿಯವರೆಗೆ ಒಂದು ಸಣ್ಣ ಆದೇಶವಾದರೂ ಆಗಲಿ. ಬಾಗಿಲ ಮೇಲೆ 'ಅನುಮತಿ ಇಲ್ಲದೆ ಪ್ರವೇಶವಿಲ್ಲ' ಎಂಬ ಬೋರ್ಡಿದೆ. ಅದರ ಕೆಳಗೆ 'ತಂದೆತಾಯಿ ಬರಬಹುದು' ಎಂದು ಬರೆಸಿಕೊಡಿ.

ಇಂತಿ,
ಒಬ್ಬ ಅಜ್ಜಿ