ಏದುಸಿರನ್ನು ಯಾವ ಭಾಷೆಯಲ್ಲಿ ಹೇಳುವುದು?

"ಫೋನಿಗೆ ವೀಡಿಯೊ ಬಂದಿದೆಯಲ್ಲ, ನೋಡಿ ಮಾಡಿದ್ರಾಯ್ತು. ಭಾಷೆ ಯಾವುದಾದರೆ ಎಂತ?" ಕೊರೋನಾ ಬಿಟ್ಟರೂ ಸುಸ್ತು ಬಿಡದ ನಮ್ಮವರಿಗೆ ಹೀಗೆ ಬುದ್ಧಿ ಹೇಳುವವರು ಕಾಸರಗೋಡಿನಲ್ಲಿ ಬಹಳ ಮಂದಿ. ಈ ಮಾತು ಬರೀ ತಪ್ಪಲ್ಲ, ಅಪಾಯದ್ದು.

ನಮ್ಮ ನೆರೆಮನೆಯ ಅಕ್ಕ ಆಸ್ಪತ್ರೆಯಿಂದ ಬಂದು ಮೂರು ತಿಂಗಳು ಕಳೆದರೂ ಎರಡು ಕೊಡಪಾನ ನೀರು ಸೇದಿದರೆ ಬಾವಿಕಟ್ಟೆಯಲ್ಲೇ ಕುಳಿತುಬಿಡುತ್ತಿದ್ದರು. ಮಗನ ಫೋನಿಗೆ ವ್ಯಾಯಾಮದ ವೀಡಿಯೊ ಬಂತು, ಪೂರ್ತಿ ಮಲಯಾಳದಲ್ಲಿ. ಕೈಕಾಲು ಎತ್ತುವುದನ್ನು ನೋಡಿ ಕಲಿತರು. 'ಕಿತಪ್ಪು' ಬಂದರೆ ನಿಲ್ಲಿಸಬೇಕು ಎಂದದ್ದು ಮಾತ್ರ ತಿಳಿಯಲಿಲ್ಲ. ಮೀನು ಕೊಳ್ಳುವಷ್ಟು, ಬಸ್ಸು ಕೇಳುವಷ್ಟು ಮಲಯಾಳ ನಮಗೆ ಬರುತ್ತದೆ ಮಾರಾಯ್ರೇ. ಏದುಸಿರಿಗೆ ಕಿತಪ್ಪು ಅಂತಾರೆ ಎಂದು ಅವರಿಗೆ ಯಾರು ಕಲಿಸಿದ್ದಾರೆ? ಕೊನೆಯವರೆಗೂ ಮಾಡಿದರು. ಮರುದಿನದಿಂದ ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಈ ಕಾಯಿಲೆಯ ಗುಣವೇ ಹಾಗೆ. ಇವತ್ತು ಮೈಮುರಿದರೆ ಕೆಲವರಿಗೆ ನಾಳೆಯೋ ನಾಡಿದ್ದೋ ಸುಸ್ತು ಇಮ್ಮಡಿಯಾಗಿ ಬರುತ್ತದೆ. ಆದ್ದರಿಂದ ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತಿಳಿಸುವುದು ಚಿಕಿತ್ಸೆಯ ಮುಖ್ಯ ಭಾಗ. ಅದನ್ನು ಚಿತ್ರ ತಿಳಿಸುವುದಿಲ್ಲ, ಮಾತು ತಿಳಿಸುತ್ತದೆ.

ಹಾಗಾದರೆ ದೂರದಿಂದ ಕೊಡುವ ಫಿಸಿಯೋಥೆರಪಿ ಬೇಡವೇ? ಖಂಡಿತ ಬೇಕು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ, ಆಸ್ಪತ್ರೆಯಿಂದ ಬಂದು ಮೂರು ತಿಂಗಳಾದರೂ ಚೇತರಿಸದ 585 ಮಂದಿಯಲ್ಲಿ 'ರೀಗೇನ್' ಎಂಬ ಪರೀಕ್ಷೆ ನಡೆಯಿತು. ಅದರ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಒಮ್ಮೆ ಮಾತ್ರ ಸಲಹೆ. ಇನ್ನೊಂದಕ್ಕೆ ಎಂಟು ವಾರ ಪರದೆಯ ಮೂಲಕ ನೇರ ವ್ಯಾಯಾಮ, ಜೊತೆಗೆ ಮನಸ್ಸಿಗೆ ಧೈರ್ಯ ತುಂಬುವ ಮಾತುಕತೆ. ಎರಡನೆಯ ಗುಂಪಿನವರು ಹೆಚ್ಚು ಸುಧಾರಿಸಿದರು. ವರ್ಷದ ನಂತರವೂ ಆ ವ್ಯತ್ಯಾಸ ಉಳಿದಿತ್ತು. ಪವಾಡವೇನೂ ಅಲ್ಲ. ಆದರೆ ಅಲ್ಲಿ ಪರದೆಯ ಆಚೆ ತರಬೇತಾದ ಒಬ್ಬ ಮನುಷ್ಯ ಇದ್ದ. ನಮಗೆ ಬಂದದ್ದು ಪ್ರಶ್ನೆ ಕೇಳಲಾಗದ ಒಂದು ವೀಡಿಯೊ. ಎರಡಕ್ಕೂ ಒಂದೇ ಹೆಸರು ಕೊಡಬೇಡಿ.

2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ. ಫೋನಿಗೆ ಅಂಥ ತಡೆಯಿಲ್ಲ. ಕನ್ನಡ ಬಲ್ಲ ಫಿಸಿಯೋಥೆರಪಿಸ್ಟ್ ಕಾಸರಗೋಡಿನಲ್ಲಿದ್ದರೂ ಮಂಗಳೂರಿನಲ್ಲಿದ್ದರೂ ನಮ್ಮವರೊಡನೆ ಮಾತಾಡಬಹುದು. ಮನೆಯಲ್ಲಿ ನೆಟ್‌ವರ್ಕ್ ಇಲ್ಲದವರಿಗೆ ವಾರಕ್ಕೊಂದು ಗಂಟೆ ಈ ವಾಚನಾಲಯದ ಕೋಣೆ ಬಿಟ್ಟುಕೊಡಬಹುದು. ಇದನ್ನು ನಾವು ದಯೆಯೆಂದು ಬೇಡುವುದಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು, ಲಿಖಿತವಾಗಿ ಕೇಳಬೇಕು.

ಮಾಸ್ಟ್ರೇ, ಟೀಚರೇ, ಆ ಅರ್ಜಿ ಬರೆದುಕೊಡುವ ಕೆಲಸ ನಿಮ್ಮದು. ಅದಕ್ಕೆ ಉತ್ತರ ಬರುವವರೆಗೆ, ಇಂಥ ವೀಡಿಯೊ ಬಂದ ಮನೆಗೆ ಹೋಗಿ ಒಂದು ಮಾತು ಕನ್ನಡದಲ್ಲಿ ಹೇಳಿ ಬನ್ನಿ: ಏದುಸಿರು ಬಂದರೆ ನಿಲ್ಲಿಸಿ.