"ನಿಂಗೆ ಇಷ್ಟ ಆಗ್ಲಿಲ್ಲ ಅಷ್ಟೇ" ಅನ್ನೋರಿಗೆ

ಮೊನ್ನೆ ಭಾನುವಾರ ಜೆ.ಪಿ. ನಗರದ ಮಾಲ್ ಒಂದರಲ್ಲಿ ಗೆಳೆಯನ ಜೊತೆ ಹೊಸ ಕನ್ನಡ ಸಿನಿಮಾ ನೋಡಿದೆ. ಹೆಸರು ಬೇಡ ಬಿಡಿ, ಪಾಪ, ಎರಡು ವಾರ ಓಡಿಕೊಳ್ಳಲಿ. ಮೊದಲ ಹತ್ತು ನಿಮಿಷದಲ್ಲೇ ನಾಯಕ ಅಮ್ಮನ ತಲೆ ಮೇಲೆ ಕೈಯಿಟ್ಟು, ಇನ್ನು ಜನ್ಮದಲ್ಲಿ ಯಾರ ಮೇಲೂ ಕೈ ಮಾಡಲ್ಲ ಅಂತ ಆಣೆ ಮಾಡ್ತಾನೆ. ಆ ಆಣೆಗೋಸ್ಕರ ಇಂಟರ್ವಲ್ ತನಕ ಒದೆ ತಿಂತಾನೆ, ತಂಗಿಯ ಕಣ್ಣೆದುರೇ ಅವಮಾನ ನುಂಗ್ತಾನೆ. ಇಂಟರ್ವಲ್ ಮುಗಿಸಿ ಪಾಪ್‌ಕಾರ್ನ್ ಹಿಡ್ಕೊಂಡು ಬಂದು ಕೂತರೆ, ನಲವತ್ತು ಜನರನ್ನ ಚಚ್ಚಿ ಹಾಕ್ತಿದ್ದಾನೆ! ಆಣೆ ಏನಾಯ್ತು? ಯಾರಿಗೂ ನೆನಪಿಲ್ಲ. ಅವನಿಗಿಲ್ಲ, ಖಳನಾಯಕನಿಗಿಲ್ಲ, ಕೊನೆಗೆ ಅಮ್ಮನಿಗೂ ಇಲ್ಲ. ಆಕೆ ಕ್ಲೈಮ್ಯಾಕ್ಸಿನಲ್ಲಿ ನಗ್ತಾ ಮಗನ ಹಣೆಗೆ ಕುಂಕುಮ ಇಡ್ತಾಳೆ.

ಆಮೇಲೆ ಜಯನಗರ 4ನೇ ಬ್ಲಾಕಿಗೆ ಬಂದು, ದರ್ಶಿನಿ ಮುಂದೆ ನಿಂತು ಬೈಟು ಕಾಫಿ ಕುಡೀತಾ "ತುಂಬಾ ಕೆಟ್ಟದಾಗಿ ಬರೆದಿದ್ದಾರೆ ಕಣೋ" ಅಂದೆ. ಅವನ ಉತ್ತರ ರೆಡಿ ಇತ್ತು. "ನಿಂಗೆ ಇಷ್ಟ ಆಗ್ಲಿಲ್ಲ ಅಷ್ಟೇ ಮಗಾ. ಸಿನಿಮಾ ಅನ್ನೋದು ಸಬ್ಜೆಕ್ಟಿವ್. ಒಳ್ಳೇದು, ಕೆಟ್ಟದ್ದು ಅಂತೆಲ್ಲ ಹೇಳೋಕೆ ನೀನ್ಯಾರು?"

ತಮಾಷೆ ಏನು ಗೊತ್ತಾ? ನಂಗೆ ಆ ಸಿನಿಮಾ ಇಷ್ಟ ಆಗಿತ್ತು! ಫೈಟಿಗೆ ಶಿಳ್ಳೆ ಹೊಡೆದವನು ನಾನೇ. ಹಾಡುಗಳು ಇನ್ನೂ ತಲೆಯಲ್ಲಿ ಓಡ್ತಿವೆ. ಆದರೂ ಬರವಣಿಗೆ ಕೆಟ್ಟದ್ದೇ. ಈ ಎರಡು ಮಾತನ್ನ ಒಟ್ಟಿಗೆ ಹೇಳೋಕೆ ನಮಗ್ಯಾಕೆ ಇಷ್ಟು ಕಷ್ಟ ಅನ್ನೋದೇ ನನ್ನ ಇವತ್ತಿನ ತಕರಾರು.

ನಾವು ನಿಂತಿದ್ದ ಆ 4ನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನಲ್ಲೇ ಒಂದು ಕಾಲಕ್ಕೆ ಪುಟ್ಟಣ್ಣ ಕಣಗಾಲ್ ಹೆಸರಿನ ಚಿತ್ರಮಂದಿರ ಇತ್ತು. ಈಗ ಇಲ್ಲ. ಹಾಗಾಗಿ ಉದಾಹರಣೆಗೆ ಪುಟ್ಟಣ್ಣನವರ 1972ರ 'ನಾಗರಹಾವು' ಚಿತ್ರವನ್ನೇ ತಗೋಳ್ತೀನಿ. 2018ರಲ್ಲಿ ಡಿಜಿಟಲ್ ಆಗಿ ಮರುಬಿಡುಗಡೆ ಆದಾಗ ಅಪ್ಪನ ಜೊತೆ ನೋಡಿದ್ದೆ. ರಾಮಾಚಾರಿ ಯಾರ ಮಾತಿಗೂ ಬಗ್ಗದ ಹುಡುಗ. ಕಾಪಿ ಹೊಡೆದು ಸಿಕ್ಕಿಬಿದ್ದ ಸಿಟ್ಟಿಗೆ ಪ್ರಿನ್ಸಿಪಾಲರನ್ನೇ ರಾತ್ರಿ ಕಂಬಕ್ಕೆ ಕಟ್ಟಿಹಾಕ್ತಾನೆ. ಇಂಥವನು ಬಗ್ಗೋದು ಚಾಮಯ್ಯ ಮೇಷ್ಟ್ರಿಗೆ ಮಾತ್ರ. ಅವರು ಕೇಳಿದರು ಅಂತ ಅಲಮೇಲುವನ್ನ ಬಿಟ್ಟುಕೊಡ್ತಾನೆ. ಆ ತ್ಯಾಗದಿಂದ ಅಲಮೇಲು ಬಾಳು ಏನಾಯ್ತು ಅಂತ ಕಣ್ಣಾರೆ ಕಾಣ್ತಾನೆ. ಕೊನೆಗೆ ದುರ್ಗದ ಬೆಟ್ಟದ ಮೇಲೆ ಅದೇ ಮೇಷ್ಟ್ರು, ಮಾರ್ಗರೆಟ್ ವಿಷಯಕ್ಕೆ, ಅದೇ ಬೇಡಿಕೆ ಇಡ್ತಾರೆ. ಮೂರು ಜೀವ ಹೋಗತ್ತೆ. ಕೊನೇ ದೃಶ್ಯಕ್ಕೆ ಬೇಕಾದ್ದೆಲ್ಲ ಮೊದಲೇ ನಮ್ಮ ಕೈಗೆ ಕೊಟ್ಟಿದ್ದಾರೆ.

ಇದು ನನ್ನ 'ಅಭಿಪ್ರಾಯ' ಅಲ್ಲ, ಯಾರು ಬೇಕಾದರೂ ಚಿತ್ರ ಹಾಕಿಕೊಂಡು ದೃಶ್ಯ ದೃಶ್ಯವಾಗಿ ಪರೀಕ್ಷೆ ಮಾಡಬಹುದು. ನನ್ನ ಅಭಿಪ್ರಾಯ ಕೇಳಿದರೆ, ರಾಮಾಚಾರಿ ಅಲಮೇಲು ಹಿಂದೆ ಬೀಳೋ ರೀತಿ ನಂಗೆ ಇವತ್ತು ನೋಡೋಕಾಗಲ್ಲ, ಸಿಟ್ಟು ಬರತ್ತೆ. ಆದರೆ ನನ್ನ ಸಿಟ್ಟಿಗೂ ಚಿತ್ರಕಥೆಯ ಗಟ್ಟಿತನಕ್ಕೂ ಸಂಬಂಧ ಇಲ್ಲ.

"ಹಾಗಾದ್ರೆ ತರಾಸು ಯಾಕೆ ಬೈದರು?" ಅಂತ ಗೆಳೆಯ ಕೇಳಿದ. ಒಳ್ಳೇ ಪ್ರಶ್ನೆ. ತಮ್ಮ ಮೂರು ಕಾದಂಬರಿಗಳಿಂದ (ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ) ಮಾಡಿದ ಈ ಚಿತ್ರ ಅವರಿಗೆ ಹಿಡಿಸಿರಲಿಲ್ಲ. ಇದು ನಾಗರಹಾವಲ್ಲ, ಕೇರೆಹಾವು ಅಂದರು ಅನ್ನೋ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಅವರು ಅಳೆದದ್ದು ತಮ್ಮ ಕಾದಂಬರಿಯ ರಾಮಾಚಾರಿ ತೆರೆ ಮೇಲೆ ಉಳಿದನಾ ಅಂತ. ನಾನು ಅಳೀತಿರೋದು ತೆರೆ ಮೇಲಿನ ರಾಮಾಚಾರಿ ಕೊನೇವರೆಗೆ ಅವನೇ ಆಗಿ ಉಳಿದನಾ ಅಂತ. ಅಳತೆಗೋಲು ಎರಡಿದ್ದಾಗ ಉತ್ತರ ಎರಡು ಬರೋದು ಸಹಜ. ಅಷ್ಟಕ್ಕೇ ಅಳತೆಯೇ ಸುಳ್ಳು ಅಂದ್ರೆ ಹೇಗೆ?

ಇನ್ನು ಗಲ್ಲಾಪೆಟ್ಟಿಗೆಯನ್ನ ಅಳತೆಗೋಲು ಮಾಡೋರು. ಇದೇ ಕಥೆಯನ್ನ ಇದೇ ಪುಟ್ಟಣ್ಣ 1974ರಲ್ಲಿ ರಿಷಿ ಕಪೂರ್‌ನ ಹಾಕ್ಕೊಂಡು ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' ಅಂತ ಮಾಡಿದರು. ಓಡಲಿಲ್ಲ. ಕನ್ನಡದಲ್ಲಿ ಗಟ್ಟಿಯಾಗಿದ್ದ ಕಥೆ ಎರಡು ವರ್ಷದಲ್ಲಿ ಟೊಳ್ಳಾಯ್ತಾ?

ಹಾಗಂತ ಕಂಡದ್ದೆಲ್ಲ ತಪ್ಪು ಅನ್ನೋದೂ ಬೇಡ. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' 2014ರಲ್ಲಿ ಬಂದಾಗ ಎಷ್ಟೋ ಜನ "ತಲೆಬುಡ ಅರ್ಥ ಆಗ್ಲಿಲ್ಲ" ಅಂತ ಎದ್ದು ಬಂದರು. ಆದರೆ ಆ ಚಿತ್ರ ಹೆಸರಿನಲ್ಲೇ ಹೇಳಿಬಿಟ್ಟಿದೆ: ಇದು ಬೇರೆಯವರು ಕಂಡಷ್ಟು ಮಾತ್ರ, ಪೂರ್ತಿ ಕಥೆ ನಿಮಗೆ ಸಿಗಲ್ಲ ಅಂತ. ಅಲ್ಲಿರೋ ಖಾಲಿ ಜಾಗ ತಪ್ಪಲ್ಲ, ಕೊಟ್ಟ ಮಾತು. ಯಕ್ಷಗಾನದಲ್ಲಿ ಹಾಸ್ಯಗಾರ ಯುದ್ಧದ ಮಧ್ಯೆ ಬಂದು ನಗಿಸಿದರೆ ಯಾರಾದರೂ ಲಾಜಿಕ್ ಕೇಳ್ತಾರಾ? ಹಾಗೇ ನಾಯಕ ದಿಢೀರಂತ ಸ್ವಿಟ್ಜರ್ಲೆಂಡಿನಲ್ಲಿ ಕುಣಿದರೂ ನಂಗೇನೂ ತೊಂದರೆ ಇಲ್ಲ. ಅದು ನಾವೂ ಅವರೂ ಒಪ್ಪಿಕೊಂಡ ಆಟ. ಸಿನಿಮಾ ತಾನೇ ಹಾಕಿಕೊಂಡ ನಿಯಮವನ್ನ ತಾನೇ ಮರೆತಾಗ, ಮರೆತದ್ದೂ ಅದಕ್ಕೆ ಗೊತ್ತಿಲ್ಲದಿದ್ದಾಗ, ಅದು ಕೆಟ್ಟ ಬರವಣಿಗೆ.

ನಮ್ಮ ಆಫೀಸಿನಲ್ಲೂ ಇದೇ ಜಗಳ. ಕೋಡ್ ಬರೆಯುವಾಗ ಟ್ಯಾಬ್ ಹಾಕಬೇಕೋ ಸ್ಪೇಸ್ ಹಾಕಬೇಕೋ ಅನ್ನೋದು ರುಚಿ. ಅದಕ್ಕೆ ಬೇಕಾದಷ್ಟು ಕಿತ್ತಾಡಬಹುದು. ಆದರೆ ಗ್ರಾಹಕ ಬಟನ್ ಒತ್ತಿದಾಗ ಪ್ರೋಗ್ರಾಂ ಮಲಗಿಬಿಟ್ಟರೆ "ಅದು ನಿಮ್ಮ ದೃಷ್ಟಿಕೋನ ಸಾರ್" ಅಂತ ಹೇಳಿ ನೋಡಿ :-)

ಇದೇನು ನಾನು ಕಂಡುಹಿಡಿದ ಹೊಸ ವಾದ ಅಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರೋ ಅತ್ಯಂತ ಹಳೆಯ ಗ್ರಂಥ, 9ನೇ ಶತಮಾನದ 'ಕವಿರಾಜಮಾರ್ಗ'. ಅದರ ಮೊದಲ ಪರಿಚ್ಛೇದದ ಹೆಸರು 'ದೋಷಾದೋಷಾನುವರ್ಣನ ನಿರ್ಣಯ'. ಯಾವುದು ದೋಷ, ಯಾವುದು ದೋಷ ಅಲ್ಲ, ಅದರ ತೀರ್ಮಾನ. ಸಾವಿರ ವರ್ಷಕ್ಕೂ ಹಿಂದೆ ನಮ್ಮವರು ಕಾವ್ಯದ ಬಗ್ಗೆ ಮಾತು ಶುರು ಮಾಡಿದ್ದೇ ಈ ಪ್ರಶ್ನೆಯಿಂದ. ನಾವು ಕಾಫಿ ಲೋಟ ಕೆಳಗಿಡೋದರೊಳಗೆ "ಎಲ್ಲಾ ಸಬ್ಜೆಕ್ಟಿವ್" ಅಂದು ಕೈ ತೊಳ್ಕೊಳ್ತೀವಿ.

ಗೆಳೆಯ ಸೋಲೊಪ್ಪಲಿಲ್ಲ. "ಎಲ್ಲರ ಮನೆ ದೋಸೆನೂ ತೂತೇ ಮಗಾ" ಅಂದ. ಗಾದೆ ಅರ್ಧಕ್ಕೆ ನಿಲ್ಲಿಸಿದ್ದ, ಉಳಿದದ್ದು ನಾನು ಹೇಳಿದೆ: "ಕಾವಲಿಯೇ ತೂತಾಗಿದ್ರೆ?" ದೋಸೆಯ ತೂತು ನಾನೂ ಲೆಕ್ಕ ಹಾಕಲ್ಲ. ಆ ಸಿನಿಮಾಕ್ಕೆ ಆಣೆಯೇ ಕಾವಲಿ, ಅದರ ಮೇಲೇ ಅಲ್ವಾ ಎಲ್ಲಾ ಹುಯ್ದಿದ್ದು? ಇಷ್ಟು ಒಪ್ತೀನಿ: ತೂತು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ತೋರಿಸಿದ ಮೇಲೂ ತಿನ್ನೋದು, ಬಿಡೋದು ಅವರವರ ಹಸಿವಿಗೆ ಬಿಟ್ಟದ್ದು.

ಇದಕ್ಕೆಲ್ಲ ಇಷ್ಟು ಉದ್ದ ಕೊರೀಬೇಕಾ ಅಂತೀರಾ? ಬೇಕು. ರಾಜ್ಯ ಚಲನಚಿತ್ರ ಪ್ರಶಸ್ತಿಯಲ್ಲಿ ಕಥೆಗೆ, ಚಿತ್ರಕಥೆಗೆ, ಸಂಭಾಷಣೆಗೆ ಬೇರೆ ಬೇರೆ ಬಹುಮಾನ ಇದೆ. ಬಹುಮಾನ ಬಂದವರು ಯಾರೂ "ಇದು ಸಬ್ಜೆಕ್ಟಿವ್, ಬೇಡ" ಅಂತ ವಾಪಸ್ ಕೊಟ್ಟದ್ದು ನಾನಂತೂ ಕೇಳಿಲ್ಲ! ಹೊಗಳಿಕೆಗೆ ಅಳತೆಗೋಲು ಇದೆ, ತೆಗಳಿಕೆಗೆ ಮಾತ್ರ ಇಲ್ಲ ಅನ್ನೋದು ಯಾವ ನ್ಯಾಯ? ಕೆಟ್ಟ ಬರವಣಿಗೆ ಅನ್ನೋದೇ ಇಲ್ಲ ಅಂದ್ರೆ ಒಳ್ಳೇ ಬರವಣಿಗೆಯೂ ಇಲ್ಲ ಅಂತಾಯ್ತು. ಆಮೇಲೆ ನಿರ್ಮಾಪಕ ಬರಹಗಾರನಿಗೆ ಆರು ತಿಂಗಳು ಸಮಯ, ಮರ್ಯಾದೆಯ ಸಂಭಾವನೆ ಯಾಕೆ ಕೊಡ್ತಾನೆ? "ಹೆಂಗಿದ್ರೂ ಸಬ್ಜೆಕ್ಟಿವ್" ಅಂತ ಆ ದುಡ್ಡನ್ನೂ ಇನ್ನೊಂದು ಫೈಟಿಗೆ ಸುರೀತಾನೆ. "ಕನ್ನಡದಲ್ಲಿ ಕಥೆಗಳೇ ಇಲ್ಲ" ಅಂತ ಅಳೋರೂ ನಾವೇ, ಕಥೆ ಹಳ್ಳ ಹಿಡಿದಾಗ ಅಭಿಮಾನದ ಹೆಸರಲ್ಲಿ ಬಾಯಿ ಮುಚ್ಚಿಸೋರೂ ನಾವೇ.

ಅದಕ್ಕೇ ಸಿನಿಮಾ ಬಗ್ಗೆ ಬರೆಯೋ ಗೆಳೆಯರಲ್ಲಿ ಒಂದು ಕೋರಿಕೆ. "ಇದು ನನ್ನ ವೈಯಕ್ತಿಕ ಅಭಿಪ್ರಾಯ ಅಷ್ಟೇ" ಅನ್ನೋ ಕೊನೇ ಸಾಲಿನ ಹಿಂದೆ ಬಚ್ಚಿಟ್ಕೋಬೇಡಿ. ಇಷ್ಟ ಆಯ್ತೋ ಇಲ್ವೋ ಒಂದು ಸಾಲಿನಲ್ಲಿ ಹೇಳಿ. ಉಳಿದ ಜಾಗದಲ್ಲಿ ಯಾವ ದೃಶ್ಯ, ಯಾವ ಮಾತು, ಎಲ್ಲಿ ಕೊಂಡಿ ತಪ್ಪಿತು ಅಂತ ಬೆರಳಿಟ್ಟು ತೋರಿಸಿ. ನಾನು ತಪ್ಪಿದ್ದರೆ ನನಗೂ ಹಾಗೇ ತೋರಿಸಿ, ಒಪ್ಕೋತೀನಿ.

ಗೆಳೆಯ ನಿನ್ನೆ ಫೋನ್ ಮಾಡಿದ್ದ. ಅದೇ ಸಿನಿಮಾ ಇನ್ನೊಂದ್ಸಲ ನೋಡಿದನಂತೆ. "ಆಣೆ ವಿಷಯ ಸೆಕೆಂಡ್ ಹಾಫಲ್ಲಿ ನಿಜವಾಗ್ಲೂ ಎಲ್ಲೂ ಇಲ್ಲ ಕಣೋ" ಅಂದ. ಒಂದು ನಿಮಿಷ ಸುಮ್ಮನಿದ್ದು ಸೇರಿಸಿದ: "ಆದ್ರೂ ಫೈಟು ಸೂಪರ್."

ಹೌದು ಮಗಾ, ಫೈಟು ಸೂಪರ್. ನಾನೂ ಅದನ್ನೇ ಹೇಳ್ತಿದ್ದೆ!

ನೀವೇನಂತೀರಿ?